ಗ್ಯಾರೇಜಿನ ಹುಡುಗರ ಹೊರಗೆಲಸ: ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು

ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಉಪ್ಪಳ. ಕಾಸರಗೋಡಿನ ಈ ಕಡೆಯ ಯಾವ ಗ್ಯಾರೇಜನ್ನು ತೆಗೆದುಕೊಂಡರೂ ಸಂಜೆ ಷಟರ್ ಎಳೆದ ಮೇಲೆ ಕೆಲಸಗಾರನಿಗೆ ಇನ್ನೊಂದು ಪಾಳಿ ಇದ್ದೇ ಇರುತ್ತದೆ. ಒಬ್ಬ ನೆರೆಮನೆಯ ಸ್ಕೂಟರಿಗೆ ಬ್ರೇಕ್ ಶೂ ಹಾಕುತ್ತಾನೆ, ಒಬ್ಬ ತೋಟದವರ ಪವರ್ ಸ್ಪ್ರೇಯರ್ ಬಿಚ್ಚಿ ಕೂರುತ್ತಾನೆ, ಒಬ್ಬ ರಾತ್ರಿ ಹನ್ನೊಂದರವರೆಗೆ ರಿಕ್ಷಾ ಓಡಿಸುತ್ತಾನೆ. ನಸುಕಿನಲ್ಲಿ ರಬ್ಬರ್ ಟ್ಯಾಪಿಂಗ್ ಮುಗಿಸಿಯೇ ಗ್ಯಾರೇಜಿಗೆ ಬರುವವರೂ ಇದ್ದಾರೆ.

ಧಣಿಗಳು ಇದಕ್ಕೆ ಎರಡೇ ಮದ್ದು ಕಂಡುಕೊಂಡಿದ್ದಾರೆ. ಕಂಡರೂ ಕಾಣದಂತೆ ಇರುವುದು ಒಂದು. ಒಂದು ದಿನ ತಡೆಯಲಾರದೆ ಗಿರಾಕಿಗಳ ಎದುರೇ ಬೈದು ಕಳಿಸಿಬಿಡುವುದು ಇನ್ನೊಂದು. ಮೊದಲನೆಯದರಲ್ಲಿ ಆಯಿಲ್ ಹೋಗುತ್ತದೆ, ಎರಡನೆಯದರಲ್ಲಿ ಕೈ ಪಳಗಿದ ಮೇಸ್ತ್ರಿಯೇ ಹೋಗುತ್ತಾನೆ. ಹೊರಗೆಲಸವನ್ನು ಪೂರ್ತಿ ನಿಲ್ಲಿಸುವುದು ಯಾರಿಂದಲೂ ಆಗದು, ಆ ಆಸೆ ಬಿಡಿ. ಗ್ಯಾರೇಜಿಗೆ ನಷ್ಟವಾಗುವುದು ಹುಡುಗ ಸಂಜೆ ದುಡಿಯುವುದರಿಂದಲ್ಲ, ಅದು ಗುಟ್ಟಾಗಿ ನಡೆಯುವುದರಿಂದ. ಯಾರ ಗಿರಾಕಿ, ಯಾರ ಆಯಿಲ್, ಯಾರ ಸ್ಪ್ಯಾನರ್, ಯಾರ ಹೆಸರಿನ ಗ್ಯಾರಂಟಿ ಎನ್ನುವುದು ಕಲಸಿಹೋದಾಗಲೇ ದುಡ್ಡು ಸೋರುವುದು. ಆ ನಾಲ್ಕರ ನಡುವೆ ಗೆರೆ ಎಳೆಯುವ ಕ್ರಮ ಹೀಗೆ.

ಮೊದಲು ಲೆಕ್ಕ, ಆಮೇಲೆ ಮಾತು

ಯಾರನ್ನೂ ಏನೂ ಕೇಳದೆ ನಾಲ್ಕು ವಾರ ಲೆಕ್ಕ ಇಡಿ. ಅನುಮಾನವನ್ನೇ ಆಧಾರ ಮಾಡಿಕೊಂಡು ಮಾತು ಶುರುಮಾಡಿದರೆ ಕಳ್ಳನಲ್ಲದವನಿಗೂ ಬೇಸರವಾಗುತ್ತದೆ, ಕಳ್ಳ ಎಚ್ಚರವಾಗುತ್ತಾನೆ.

ಆಯಿಲಿನಿಂದ ಶುರುಮಾಡಿ. 210 ಲೀಟರಿನ ಬ್ಯಾರೆಲ್ ಇಟ್ಟವರು ಅದನ್ನು ನಿಲ್ಲಿಸಿಯೇ ಇಡಬೇಕು. ನಿಂತ ಬ್ಯಾರೆಲಿನಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ಸುಮಾರು ಎರಡೂವರೆ ಲೀಟರ್ ಹೋಗಿದೆ ಎಂದರ್ಥ. ಮಲಗಿಸಿದ ಬ್ಯಾರೆಲಿನಲ್ಲಿ ಈ ಲೆಕ್ಕ ನಡೆಯದು, ಮಟ್ಟ ನಡುವಿಗೆ ಬಂದಾಗ ಒಂದು ಸೆಂಟಿಮೀಟರಿಗೆ ಹೋಗುವ ಆಯಿಲ್ ತುದಿಯಲ್ಲಿ ಹೋಗುವುದಕ್ಕಿಂತ ತುಂಬ ಜಾಸ್ತಿ. ಪ್ರತಿ ಶನಿವಾರ ಬಾಗಿಲು ಹಾಕುವ ಮೊದಲು ಒಂದು ಸ್ಟೀಲ್ ಸ್ಕೇಲು ಅಥವಾ ಗುರುತು ಹಾಕಿದ ಸರಳು ಇಳಿಸಿ ಅಳೆದು ಬರೆಯಿರಿ. ಆ ವಾರದ ಜಾಬ್ ಕಾರ್ಡುಗಳಲ್ಲಿ, ಅಂದರೆ ಪ್ರತಿ ವಾಹನದ ಕೆಲಸ ಬರೆದಿಡುವ ಚೀಟಿಗಳಲ್ಲಿ, ಬರೆದ ಆಯಿಲನ್ನು ಕೂಡಿ ಹೋಲಿಸಿ. ಜಗ್ಗಿಗೆ ಅಂಟಿದ್ದು, ನೆಲಕ್ಕೆ ಚೆಲ್ಲಿದ್ದು ಎಂದು ಸ್ವಲ್ಪ ಹೆಚ್ಚುಕಮ್ಮಿ ಇದ್ದದ್ದೇ. ಆದರೆ ವಾರ ವಾರವೂ ಒಂದೇ ಕಡೆಗೆ, ಎರಡು ಮೂರು ಲೀಟರ್ ಕಡಿಮೆ ಬಂದರೆ ಅದು ಚೆಲ್ಲಿದ್ದಲ್ಲ.

ಡಬ್ಬಿ ಆಯಿಲಿನಲ್ಲಿ ಸೋರುವುದು ಬೇರೆ ದಾರಿಯಲ್ಲಿ. ಮೂರು ಲೀಟರ್ ಚಿಲ್ಲರೆ ಹಿಡಿಯುವ ಎಂಜಿನಿಗೆ ಮೂರೂವರೆ ಲೀಟರಿನ ಡಬ್ಬಿ ಒಡೆದರೆ ತಳದಲ್ಲಿ 300–400 ಮಿಲಿ ಲೀಟರ್ ಉಳಿಯುತ್ತದೆ. ದಿನಕ್ಕೆ ಮೂರು ಕಾರು ಎಂದರೆ ಒಂದು ಲೀಟರ್. 900 ಮಿಲಿ ಲೀಟರ್ ಹಿಡಿಯುವ ಬೈಕಿಗೆ ಅದು ಸಾಕು. ಹೊರಗೆಲಸದ ಆಯಿಲು ಹೆಚ್ಚಾಗಿ ಬರುವುದು ಇಲ್ಲಿಂದಲೇ. ಅದನ್ನು ಕೊಂಡೊಯ್ಯುವವನು ಕದ್ದೆ ಎಂದುಕೊಳ್ಳುವುದೂ ಇಲ್ಲ, ಉಳಿದದ್ದು ತಾನೇ ಎನ್ನುತ್ತಾನೆ. ಉಳಿದದ್ದು ಅವನದ್ದೂ ಅಲ್ಲ, ನಿಮ್ಮದೂ ಅಲ್ಲ. ಪೂರ್ತಿ ಡಬ್ಬಿಗೆ ದುಡ್ಡು ಕೊಟ್ಟ ಗಿರಾಕಿಯದ್ದು. ಡಬ್ಬಿಯ ಮುಚ್ಚಳ ಬಿಗಿದು ಡಿಕ್ಕಿಯಲ್ಲಿ ಇಟ್ಟು ಕಳಿಸುವ ಪದ್ಧತಿ ಮಾಡಿ, ಒಂದು ಸೋರುವ ದಾರಿ ತಾನಾಗಿ ಮುಚ್ಚುತ್ತದೆ. ಗಿರಾಕಿಗೂ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಸುಟ್ಟ ಆಯಿಲನ್ನು ಮಾರಿದ ದುಡ್ಡು ಹುಡುಗರ ಚಹಾಕ್ಕೆ ಎಂದು ಬಿಟ್ಟ ಗ್ಯಾರೇಜುಗಳು ಬಹಳ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಪರವಾನಗಿ ಇರುವವರಿಗೇ ಹೋಗಬೇಕು. ಬೇಲಿಗೂಟಕ್ಕೆ ಬಳಿಯಲು ಬೇಕೆಂದು ಬಂದವರಿಗೆಲ್ಲ ಹುಡುಗರು ಕ್ಯಾನಿನಲ್ಲಿ ತುಂಬಿ ಕೊಡುವುದನ್ನು ನಿಲ್ಲಿಸಿ. ಚಹಾದ ದುಡ್ಡು ಬೇಕಿದ್ದರೆ ಮೇಜಿನ ಡ್ರಾಯರಿನಿಂದ ಕೊಡಿ.

ಇದರ ಜತೆ ಇನ್ನೂ ಮೂರು ವಿಷಯ ಬರೆದಿಡಿ: ಗ್ಯಾರೇಜಿನ ಖಾತೆಯಲ್ಲಿ ತಂದ ಬಿಡಿಭಾಗಗಳಲ್ಲಿ ಯಾವುದಕ್ಕೆ ಜಾಬ್ ಕಾರ್ಡಿಲ್ಲ, ಯಾರು ಯಾವ ದಿನ ತಡವಾಗಿ ಬಂದರು, ಮಾಡಿದ ಕೆಲಸವೇ ಮತ್ತೆ ರಿಪೇರಿಗೆ ವಾಪಸು ಬಂದದ್ದು ಯಾರ ಕೈಯಿಂದ. ನಾಲ್ಕು ವಾರ ಕಳೆದಾಗ ನಿಮ್ಮಲ್ಲಿ ಗಾಳಿಸುದ್ದಿ ಇರುವುದಿಲ್ಲ, ಪುಸ್ತಕ ಇರುತ್ತದೆ.

ಎಲ್ಲ ಹೊರಗೆಲಸವೂ ಒಂದೇ ಅಲ್ಲ

ಗ್ಯಾರೇಜಿಗೆ ಸಂಬಂಧವೇ ಇಲ್ಲದ ಕೆಲಸಗಳನ್ನು ಬಿಟ್ಟುಬಿಡಿ. ಅಡಿಕೆ ಸುಲಿಯುವುದು, ಟ್ಯಾಪಿಂಗ್, ಯಕ್ಷಗಾನದಲ್ಲಿ ಚೆಂಡೆ ಅಥವಾ ವೇಷ, ಭೂತದ ಕೋಲ, ತೆಯ್ಯಂ ಕಟ್ಟುವುದು. ಇವುಗಳಲ್ಲಿ ಕೆಲವು ಹೊಟ್ಟೆಪಾಡಾದರೆ ಕೆಲವು ಕುಟುಂಬಕ್ಕೆ ಬಂದ ಕರ್ತವ್ಯ, ಬೇಡ ಎನ್ನಲು ನಿಮಗೆ ಬಾಯಿಯೂ ಇಲ್ಲ. ಅಲ್ಲಿ ಕೇಳಬೇಕಾದದ್ದು ದಿನಾಂಕವನ್ನು ಮಾತ್ರ. ಯಕ್ಷಗಾನ ಮೇಳದ ತಿರುಗಾಟ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ ಮುಗಿಯುತ್ತದೆ. ಕೋಲಗಳ ಕಾಲವೂ ಮಳೆಗೆ ಮೊದಲೇ ನಿಲ್ಲುತ್ತದೆ. ರಾತ್ರಿ ಆಟಕ್ಕೆ ಹೋಗುವ ಹುಡುಗನ ತಿಂಗಳ ದಿನಾಂಕಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿಕೊಂಡು, ಮರುದಿನ ಮಧ್ಯಾಹ್ನದ ಮೇಲೆ ಬಾ ಎಂದು ನೀವೇ ಹೇಳಿ. ನಿದ್ದೆಗೆಟ್ಟು ಒಂಬತ್ತಕ್ಕೆ ಬಂದು ನಿಲ್ಲುವುದಕ್ಕಿಂತ ಅದು ಮೇಲು. ಅವನು ಬಿಟ್ಟ ಗಂಟೆಗಳನ್ನು ಮಳೆಗಾಲದಲ್ಲಿ ತುಂಬಿಸಿಕೊಳ್ಳಬಹುದು, ಆಗ ಮೇಳವೂ ಇಲ್ಲ, ಗ್ಯಾರೇಜಿಗೆ ಕೆಲಸವೂ ಜಾಸ್ತಿ.

ಎರಡನೆಯದು ಕೇಳಿ ಮಾಡಬೇಕಾದ ಕೆಲಸ. ಸ್ವಂತ ಬೈಕು, ಮನೆಯವರ ವಾಹನ, ನಿಮ್ಮ ಗ್ಯಾರೇಜಿಗೆ ಯಾವತ್ತೂ ಬಾರದ ನೆರೆಯವರ ಸ್ಕೂಟರು, ಹುಲ್ಲು ಕೊಯ್ಯುವ ಮೆಷಿನು, ಸ್ಪ್ರೇಯರ್, ನೀರಿನ ಪಂಪು. ಒಂದು ಮಾತು ಹೇಳಿ ಮಾಡಿದರೆ ತೊಂದರೆ ಇಲ್ಲ.

ಈ ಸ್ಪ್ರೇಯರ್ ವಿಷಯದಲ್ಲಿ ಧಣಿಗಳು ಕಣ್ಣು ತೆರೆಯಬೇಕು. ಅಡಿಕೆಗೆ ಕೊಳೆರೋಗ ತಡೆಯಲು ಸುಣ್ಣ ಮೈಲುತುತ್ತು ಬೆರೆಸಿದ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲು, ಎರಡನೆಯದು ಅದಾಗಿ ಸುಮಾರು 40–45 ದಿನಕ್ಕೆ. ಆ ಎರಡು ಸಲವೂ ಊರಿನ ಸ್ಪ್ರೇಯರ್‌ಗಳೆಲ್ಲ ಒಟ್ಟಿಗೆ ಕೈಕೊಡುತ್ತವೆ. ಕಳೆದ ವರ್ಷ ತೊಳೆಯದೆ ಇಟ್ಟದ್ದರಿಂದ ಸುಣ್ಣ ಮೈಲುತುತ್ತು ಗಟ್ಟಿಯಾಗಿ ವಾಲ್ವು ಕಚ್ಚಿರುತ್ತದೆ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಜೆಟ್ ಮುಚ್ಚಿರುತ್ತದೆ. ತೋಟದವರಿಗೆ ಮಳೆ ಬಿಡುವು ಕೊಟ್ಟ ದಿನವೇ ಮೆಷಿನು ಬೇಕು, ಎಷ್ಟು ಕೇಳಿದರೂ ಕೊಡುತ್ತಾರೆ. ನಿಮ್ಮ ಹುಡುಗ ಜೂನ್ ತಿಂಗಳಲ್ಲಿ ಹಾಸಿಗೆ ಕಾಣದೆ ಈ ಕೆಲಸ ಮಾಡುತ್ತಿದ್ದರೆ, ನೀವು ಬೇಡವೆಂದು ಬಿಟ್ಟ ವ್ಯಾಪಾರ ಯಾವುದೆಂದು ಅವನೇ ತೋರಿಸಿಕೊಟ್ಟಂತೆ. ಒಂದು ಬೆಂಚು, ಒಂದು ವೈಸ್, ಪ್ಯಾಕಿಂಗ್ ಮತ್ತು ಡಯಾಫ್ರಮ್‌ಗಳ ಸಣ್ಣ ದಾಸ್ತಾನು ಇಟ್ಟು ಅದನ್ನು ಗ್ಯಾರೇಜಿನೊಳಗೇ ತನ್ನಿ, ಮೇಲ್ವಿಚಾರಣೆ ಅವನಿಗೇ ಕೊಡಿ.

ಮೂರನೆಯದು ಯಾವ ಕಾರಣಕ್ಕೂ ಕೂಡದ್ದು: ಗ್ಯಾರೇಜಿನ ಗಿರಾಕಿಯ ವಾಹನವನ್ನು ಹೊರಗೆ ಮಾಡುವುದು, ಕೆಲಸದ ವೇಳೆಯಲ್ಲಿ ಸ್ವಂತ ಕೆಲಸ ಮಾಡುವುದು, ಅಂಗಡಿಯ ಬಿಡಿಭಾಗ ಬಳಸುವುದು. ಇವುಗಳ ಜತೆ ಸಾಮಾನ್ಯವಾಗಿ ಯಾರೂ ಬರೆಯದ ಇನ್ನೊಂದನ್ನೂ ಸೇರಿಸಿ. ಕಾರಿನ ಬ್ರೇಕು, ಸ್ಟೀರಿಂಗು, ಏರ್‌ಬ್ಯಾಗು, ಗ್ಯಾಸ್ ಕಿಟ್ಟು, ಎಲೆಕ್ಟ್ರಿಕ್ ವಾಹನದ ಬ್ಯಾಟರಿ. ಇವನ್ನು ಅಂಗಳದಲ್ಲಿ ಟಾರ್ಚಿನ ಬೆಳಕಿನಲ್ಲಿ ಮಾಡಿ ಏನಾದರೂ ಆದರೆ ಊರವರ ಬಾಯಲ್ಲಿ ಬರುವುದು ಹುಡುಗನ ಹೆಸರಲ್ಲ, ‘ಇಂಥವರ ಗ್ಯಾರೇಜಿನವ ಮಾಡಿದ್ದು’ ಎಂದೇ.

ಅಂಗಳದ ಕೆಲಸದ ಬಗ್ಗೆ ಹೇಳಲೇಬೇಕಾದದ್ದೊಂದಿದೆ. ನಮ್ಮ ಕಡೆ ಮನೆಕಟ್ಟಿ ಉಳಿದ ಕೆಂಪುಕಲ್ಲು ಎಲ್ಲ ಅಂಗಳದಲ್ಲೂ ಬಿದ್ದಿರುತ್ತದೆ. ಕಾರನ್ನು ಜಾಕ್‌ನಲ್ಲಿ ಎತ್ತಿ ಅದರ ಅಡಿಗೆ ಕೆಂಪುಕಲ್ಲು ಕೊಡುವುದು ಹುಡುಗರಿಗೆ ಅಭ್ಯಾಸ. ಗೋಡೆಯಲ್ಲಿ ಹರಡಿದ ಭಾರ ಹೊರುವ ಕಲ್ಲು ಚಾಸಿಯ ಒಂದು ಅಂಚು ಊರಿದ ಜಾಗದಲ್ಲಿ ಸದ್ದಿಲ್ಲದೆ ಒಡೆಯುತ್ತದೆ, ಮಳೆಯಲ್ಲಿ ನೆನೆದಿದ್ದರೆ ಇನ್ನೂ ಬೇಗ. ಮೆತ್ತಗಿನ ನೆಲದಲ್ಲಿ ಜಾಕ್ ಸ್ಟ್ಯಾಂಡೂ ಓರೆಯಾಗುತ್ತದೆ, ಅಡಿಗೆ ಎರಡಿಂಚು ದಪ್ಪದ, ಒಂದಡಿ ಚೌಕದ ಹಲಗೆ ಬೇಕು. ಹೊರಗೆಲಸಕ್ಕೆ ನೀವು ಏನನ್ನೂ ಕೊಡದಿದ್ದರೂ ಎರಡು ಸ್ಟ್ಯಾಂಡು, ಎರಡು ಹಲಗೆ ಮಾತ್ರ ಕೊಡಿ ಎಂಬುದು ನಮ್ಮ ಸಲಹೆ.

ಹುಡುಗ ಯಾಕೆ ಹೋಗುತ್ತಾನೆ: ಗಂಟೆಯ ಲೆಕ್ಕ

ಉದಾಹರಣೆಗೆ ತಿಂಗಳಿಗೆ 18,000 ರೂಪಾಯಿ ಸಂಬಳ ಎಂದುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 692, ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 86. ಅದೇ ಹುಡುಗ ಸಂಜೆ ನೆರೆಮನೆಯಲ್ಲಿ ಒಂದೂವರೆ ಗಂಟೆ ಸ್ಕೂಟರ್ ಸರ್ವೀಸ್ ಮಾಡಿ 400 ರೂಪಾಯಿ ತೆಗೆದುಕೊಂಡರೆ ಗಂಟೆಗೆ 266. ಕಾನೂನಿನಂತೆ ಎರಡು ಪಟ್ಟು ಓವರ್‌ಟೈಮ್ ಕೊಟ್ಟರೂ ನಿಮ್ಮದು 173ಕ್ಕೆ ನಿಲ್ಲುತ್ತದೆ. ಉಪದೇಶ ಮಾಡಿ ಈ ಅಂತರ ಮುಚ್ಚಲಾಗದು.

ಪಾಲು ಕೊಟ್ಟರೆ ಮುಚ್ಚಬಹುದು. ಅದೇ ಸ್ಕೂಟರ್ ಗ್ಯಾರೇಜಿಗೇ ಬರಲಿ, ವೇಳೆ ಮುಗಿದ ಮೇಲೆ ಅವನೇ ಮಾಡಲಿ, 500 ರೂಪಾಯಿ ಕೂಲಿಯಲ್ಲಿ ಅರ್ಧ ಅವನಿಗೆ. ಬೈಕ್ ಲಿಫ್ಟು, ಕಂಪ್ರೆಸರು, ಒಳ್ಳೆಯ ಬೆಳಕು ಇರುವುದರಿಂದ ಒಂದೂವರೆ ಗಂಟೆಯ ಕೆಲಸ ಒಂದು ಗಂಟೆಗೆ ಮುಗಿಯುತ್ತದೆ. ಗಂಟೆಗೆ 250 ಸಿಕ್ಕಿತು, ಬಿಡಿಭಾಗದ ಲಾಭ ನಿಮಗೆ ಬಂತು, ಬಿಲ್ ಅಂಗಡಿಯ ಹೆಸರಿನಲ್ಲಿ ಆಯಿತು. ಪಾಲಿನ ಪ್ರಮಾಣ ನಿಮ್ಮ ಬಾಡಿಗೆ, ಕರೆಂಟು ನೋಡಿಕೊಂಡು ನಿಗದಿ ಮಾಡಿ. ಆದರೆ ಮೂರನೆಯ ಒಂದು ಪಾಲಿಗಿಂತ ಕಡಿಮೆ ಕೊಟ್ಟರೆ ಅವನು ಅಂಗಳಕ್ಕೇ ವಾಪಸು ಹೋಗುತ್ತಾನೆ. ವಾರಕ್ಕೆ ಎರಡು ಸಂಜೆ, ಹೆಚ್ಚೆಂದರೆ ಎರಡು ಗಂಟೆ ಎಂದು ಮಿತಿ ಇಡಿ. ಒಬ್ಬನೇ ಇರುವಾಗ ವೆಲ್ಡಿಂಗ್ ಬೇಡ, ಷಟರ್ ಮುಚ್ಚಿಕೊಂಡು ಎಂಜಿನ್ ಸ್ಟಾರ್ಟ್ ಮಾಡುವುದು ಕೂಡದೇ ಕೂಡದು. ಮುಚ್ಚಿದ ಕೋಣೆಯಲ್ಲಿ ಸೈಲೆನ್ಸರಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಬಾಗಿಲ ಕೀ ನೀವೇ ಕೊಟ್ಟಿದ್ದರೆ ರಾತ್ರಿ ಏನಾದರೂ ಗಾಯವಾದಾಗ ‘ನನಗೆ ಗೊತ್ತೇ ಇಲ್ಲ’ ಎಂದು ಕೈ ತೊಳೆದುಕೊಳ್ಳುವುದು ಸುಲಭವಲ್ಲ. ಇಂಥ ಸಂಜೆಗಳ ಹಾಜರಿಯನ್ನೂ ಪುಸ್ತಕದಲ್ಲಿ ಬರೆಸಿ. ಕೆಲಸಗಾರರ ವಿಮೆ ಮಾಡಿಸುವಾಗ ಸಂಜೆಯ ಕೆಲಸವೂ ಅದರೊಳಗೆ ಬರುತ್ತದೆಯೇ ಎಂದು ಏಜೆಂಟರ ಬಾಯಿಮಾತಲ್ಲಿ ಅಲ್ಲ, ಪಾಲಿಸಿಯಲ್ಲೇ ಓದಿ ನೋಡಿ.

ಇನ್ನೊಂದು: ಸಂಬಳ ತಿಂಗಳ ಐದರೊಳಗೆ ಕೈಗೆ ಸಿಗದ ಗ್ಯಾರೇಜಿನಲ್ಲಿ ಹೊರಗೆಲಸದ ನಿಯಮ ಮಾಡುವುದು ವ್ಯರ್ಥ.

ಒಂದು ಹಾಳೆಯ ಕರಾರು

ವಕೀಲರ ಭಾಷೆ ಬೇಡ. ಹುಡುಗ ಓದಬಲ್ಲ ಭಾಷೆಯಲ್ಲಿ, ಕನ್ನಡವೋ ಮಲಯಾಳವೋ ಹಿಂದಿಯೋ, ಒಂದೇ ಹಾಳೆ. ಓದಿ ಹೇಳಿ, ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಅವನ ಕೈಗೆ. ಹೀಗಿರಬಹುದು:

ಬೆಳಗ್ಗೆ 9ರಿಂದ ಸಂಜೆ 6ರವರೆಗೆ, ಊಟದ ಒಂದು ಗಂಟೆ ಬಿಟ್ಟು, ಗ್ಯಾರೇಜಿನ ಕೆಲಸ ಮಾತ್ರ ಮಾಡುತ್ತೇನೆ. ಈ ವೇಳೆಯಲ್ಲಿ ಸ್ವಂತ ಕೆಲಸದ ಫೋನ್ ಬಂದರೆ ಸಂಜೆ ಮಾತಾಡುತ್ತೇನೆ ಎನ್ನುತ್ತೇನೆ.

ಕಳೆದ ಒಂದು ವರ್ಷದಲ್ಲಿ ಈ ಗ್ಯಾರೇಜಿನಲ್ಲಿ ಜಾಬ್ ಕಾರ್ಡ್ ಆದ ಯಾವ ವಾಹನವನ್ನೂ ಹೊರಗೆ ರಿಪೇರಿ ಮಾಡುವುದಿಲ್ಲ. ಗಿರಾಕಿಯೇ ಕೇಳಿದರೆ ಧಣಿಗೆ ತಿಳಿಸುತ್ತೇನೆ.

ಬೇರೆಯವರ ವಾಹನ ಅಥವಾ ಮೆಷಿನು ಮಾಡುವುದಿದ್ದರೆ ಮೊದಲೇ ಒಂದು ಮೆಸೇಜು ಹಾಕುತ್ತೇನೆ. ಕಾರಿನ ಬ್ರೇಕು, ಸ್ಟೀರಿಂಗು, ಏರ್‌ಬ್ಯಾಗು, ಗ್ಯಾಸು, ಎಲೆಕ್ಟ್ರಿಕ್ ಬ್ಯಾಟರಿಯ ಕೆಲಸ ಹೊರಗೆ ಮಾಡುವುದಿಲ್ಲ.

ಟೂಲ್ಸ್ ಪುಸ್ತಕದಲ್ಲಿ ಬರೆಯದೆ ಹೊರಗೆ ಹೋಗುವುದಿಲ್ಲ. ಮರುದಿನ ಕೆಲಸ ಶುರುವಾಗುವ ಮೊದಲು ವಾಪಸು ಬರುತ್ತದೆ.

ಗಿರಾಕಿಯ ವಾಹನವನ್ನು ಟ್ರಯಲಿಗಲ್ಲದೆ ಹೊರಗೆ ಒಯ್ಯುವುದಿಲ್ಲ.

ಹೊರಗೆ ಮಾಡಿದ ಕೆಲಸಕ್ಕೆ ಗ್ಯಾರೇಜಿನ ಹೆಸರು ಹೇಳುವುದಿಲ್ಲ, ಗ್ಯಾರೇಜಿನ ಗ್ಯಾರಂಟಿ ಕೊಡುವುದಿಲ್ಲ.

ಇದರ ಕೆಳಗೆ ಧಣಿಯ ಭಾಗವೂ ಇರಬೇಕು. ಸಂಬಳದ ದಿನ, ಓವರ್‌ಟೈಮ್ ದರ, ಸಂಜೆಯ ಪಾಲು, ವಾರದ ರಜೆ. ಒಂದೇ ಕಡೆಯವರಿಗೆ ನಿಯಮ ಇರುವ ಹಾಳೆಗೆ ಸಹಿ ಬೀಳುತ್ತದೆ, ಬೆಲೆ ಇರುವುದಿಲ್ಲ.

‘ತಪ್ಪಿದರೆ ಸಂಬಳ ಕಟ್’ ಎಂದು ಬರೆಯಲು ಕೈ ತುರಿಸಬಹುದು, ಬರೆಯಬೇಡಿ. ಹಳೆಯ ವೇತನ ಪಾವತಿ ಕಾಯಿದೆಯಲ್ಲೂ ಹೊಸ ವೇತನ ಸಂಹಿತೆಯಲ್ಲೂ ದಂಡ ಆ ಅವಧಿಯ ಸಂಬಳದ ನೂರಕ್ಕೆ ಮೂರು ದಾಟುವಂತಿಲ್ಲ, ಸಮಜಾಯಿಷಿ ಕೊಡಲು ಅವನಿಗೆ ಅವಕಾಶ ಕೊಡದೆ ಹಾಕುವಂತೆಯೂ ಇಲ್ಲ. 1948ರ ಕಾರ್ಖಾನೆ ಕಾಯಿದೆಯ 60ನೇ ಕಲಮು ಒಂದು ಕಾರ್ಖಾನೆಯಲ್ಲಿ ದುಡಿದ ದಿನವೇ ಇನ್ನೊಂದು ಕಾರ್ಖಾನೆಯಲ್ಲಿ ದುಡಿಯುವುದನ್ನು ತಡೆಯುತ್ತಿತ್ತು. ಕೆಲವರು ಅದನ್ನೇ ಹಿಡಿದು ಹುಡುಗರನ್ನು ಹೆದರಿಸುತ್ತಾರೆ. ನಾಲ್ಕು ಜನರ ಗ್ಯಾರೇಜು ಕಾರ್ಖಾನೆಯಲ್ಲ, ನೆರೆಮನೆಯ ಅಂಗಳವಂತೂ ಅಲ್ಲವೇ ಅಲ್ಲ. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವುದರಿಂದ ಇಂಥ ಹಳೆಯ ಕಲಮುಗಳನ್ನು ಉದ್ಧರಿಸುವ ಮೊದಲು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಒಮ್ಮೆ ವಿಚಾರಿಸುವುದು ಒಳ್ಳೆಯದು.

ಬಿಡಿಭಾಗ, ಕಮಿಷನ್, ಟೂಲ್ಸ್

ಸ್ಪೇರ್ ಪಾರ್ಟ್ಸ್ ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಿಬಿಡಿ. ‘ನಮ್ಮ ಖಾತೆಗೆ ಮಾಲು ಕೊಡಬೇಕಾದರೆ ನನ್ನ ಫೋನಿನಿಂದ ವಾಹನದ ನಂಬರಿನ ಜತೆ ವಾಟ್ಸಾಪ್ ಬಂದಿರಬೇಕು. ಬಾಯಲ್ಲಿ ಕೇಳಿದವನಿಗೆ ಕೊಟ್ಟರೆ ಅದು ನಿಮ್ಮ ಮತ್ತು ಅವನ ನಡುವಿನ ಲೆಕ್ಕ.’ ಕ್ಲಚ್ ಕೇಬಲು, ಬಲ್ಬು, ಸ್ಪಾರ್ಕ್ ಪ್ಲಗ್ಗು, ಬ್ರೇಕ್ ಶೂ, ಫಿಲ್ಟರು. ದಾರಿ ತಪ್ಪುವುದು ಹೆಚ್ಚಾಗಿ ಇಂಥ ಸಣ್ಣ ಸಾಮಾನೇ. ತೆಗೆದ ಹಳೆಯ ಭಾಗವನ್ನು ಗಿರಾಕಿಗೆ ತೋರಿಸಿ ಕೊಡುವ ಪದ್ಧತಿ ಇದ್ದಲ್ಲಿ, ಹಾಕದ ಭಾಗಕ್ಕೆ ಬಿಲ್ ಮಾಡಿ ಹೊಸದನ್ನು ಚೀಲಕ್ಕೆ ಇಳಿಸುವ ಕೆಲಸ ನಡೆಯುವುದಿಲ್ಲ.

ಕೆಲವು ಅಂಗಡಿಗಳು ಮೆಕ್ಯಾನಿಕ್ಕಿಗೆ ಕೈಗೆ ಕಮಿಷನ್ ಕೊಡುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಅದೂ ಒಂದು ಬಗೆಯ ಹೊರಸಂಪಾದನೆಯೇ, ಬೇಡದ ಭಾಗ ಬದಲಿಸುವ ಚಟ ಅಲ್ಲಿಂದ ಹುಟ್ಟುತ್ತದೆ. ಕಮಿಷನನ್ನು ಬಿಲ್ಲಿನಲ್ಲೇ ರಿಯಾಯಿತಿಯಾಗಿ ತೋರಿಸಲು ಹೇಳಿ, ಆ ಮೊತ್ತವನ್ನು ಬೇರೆ ಬರೆದಿಟ್ಟು ಆಯುಧಪೂಜೆಗೆ ಎಲ್ಲ ಹುಡುಗರಿಗೂ ಹಂಚಿ. ಹೆಲ್ಪರಿಗೂ ಪಾಲು ಬಂದಾಗ ಕಾವಲುಗಾರರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ.

ಟೂಲ್ಸ್ ಇಡುವ ಗೋಡೆಯಲ್ಲಿ ಪ್ರತಿಯೊಂದರ ಆಕಾರವನ್ನು ಪೈಂಟಿನಲ್ಲಿ ಬಿಡಿಸಿ. ಖಾಲಿ ಇದ್ದದ್ದು ಬಾಗಿಲಲ್ಲೇ ಕಾಣುತ್ತದೆ. ಸಾಮಾನ್ಯ ಸ್ಪ್ಯಾನರ್ ಸೆಟ್ಟು, ಪ್ಲಗ್ ಪಾನ (ಸ್ಪ್ಯಾನರ್), ಸಣ್ಣ ಜಾಕು ಬರೆದು ಒಯ್ಯಲಿ. ನಟ್ಟನ್ನು ಅಳತೆಯಷ್ಟೇ ಬಿಗಿಯುವ ಟಾರ್ಕ್ ರೆಂಚು, ವಾಹನದ ದೋಷ ಓದುವ ಸ್ಕ್ಯಾನರು, ಎಂಜಿನಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜು ಹೊರಗೆ ಹೋಗುವುದು ಬೇಡ. ಟಾರ್ಕ್ ರೆಂಚನ್ನು ಕೆಲಸ ಮುಗಿದ ಮೇಲೆ ಕಡಿಮೆ ಅಳತೆಗೆ ಸಡಿಲಿಸಿ ಇಡಬೇಕು, ಹಾಗೆ ಮಾಡದೆ ಬಿಗಿಯಲ್ಲೇ ಬಿಟ್ಟರೆ ಸ್ಪ್ರಿಂಗ್ ಸೋತು ಅಳತೆ ತಪ್ಪುತ್ತದೆ. ಬೋಲ್ಟು ಕಳಚಲು ಅದನ್ನೇ ಪೈಪ್ ಹಾಕಿ ತಿರುಗಿಸಿದರಂತೂ ಮುಗಿಯಿತು. ಹೊರಗೆ ಹೋಗಿ ಬಂದ ರೆಂಚು ನೋಡಲು ಹಾಗೆಯೇ ಇರುತ್ತದೆ, ವ್ಯತ್ಯಾಸ ತಿಳಿಯುವುದು ಯಾರದೋ ಚಕ್ರದ ನಟ್ಟು ಸಡಿಲಾದಾಗ. ವರ್ಷಕ್ಕೊಮ್ಮೆ ಅಥವಾ 5,000 ಸಲ ಬಳಸಿದ ಮೇಲೆ ಅಳತೆ ಪರೀಕ್ಷೆ ಮಾಡಿಸಬೇಕೆಂಬ ನಿಯಮ ಗ್ಯಾರೇಜಿನೊಳಗೆ ಇರುವ ರೆಂಚಿಗೇ ಇದೆ.

ಸ್ಕ್ಯಾನರುಗಳಲ್ಲಿ ಬಹಳಷ್ಟು ಯಾವ ವಾಹನವನ್ನು ಯಾವಾಗ ಪರೀಕ್ಷಿಸಿತು ಎಂಬ ದಾಖಲೆ ಉಳಿಸಿಕೊಳ್ಳುತ್ತವೆ. ತಿಂಗಳಿಗೊಮ್ಮೆ ಅದನ್ನೂ ಜಾಬ್ ಕಾರ್ಡನ್ನೂ ಒಟ್ಟಿಗೆ ಇಟ್ಟು ನೋಡಿ. ಕಾರ್ಡಿಲ್ಲದ ವಾಹನ ಕಂಡರೆ ಕೇಳಿ, ಉತ್ತರ ಸರಿ ಇರಲೂಬಹುದು.

ಗಿರಾಕಿಯ ವಾಹನ, ಗಿರಾಕಿಯ ಫೋನು

ವಾಹನ ಒಳಗೆ ಬಂದ ಕೂಡಲೇ ಕಿಲೋಮೀಟರ್ ಮೀಟರಿನ ಫೋಟೋ, ಬಿಟ್ಟು ಹೋಗುವಾಗ ಇನ್ನೊಂದು. ಟ್ರಯಲಿಗೆ ಮೂರೋ ಐದೋ ಕಿಲೋಮೀಟರ್ ಸಾಕು. ರಾತ್ರಿ ಗ್ಯಾರೇಜಿನಲ್ಲಿ ಉಳಿದ ಬೈಕನ್ನು ಮನೆಗೆ ಹೋಗಿಬರಲು ಒಯ್ಯುವ ಅಭ್ಯಾಸ ಈಗ ಬೇಗ ಬಯಲಾಗುತ್ತದೆ. ಕೇರಳದ ರಸ್ತೆಗಳಲ್ಲಿ 2023ರ ಜೂನ್ 5ರಿಂದ ಎಐ ಕ್ಯಾಮರಾ ದಂಡ ಶುರುವಾಗಿದೆ. ಹೆಲ್ಮೆಟ್ ಇಲ್ಲದ್ದಕ್ಕೆ 500 ರೂಪಾಯಿಯ ನೋಟೀಸು ಹೋಗುವುದು ವಾಹನದ ಮಾಲಿಕನಿಗೆ. ಗ್ಯಾರೇಜಿನಲ್ಲಿ ಇರಬೇಕಾದ ತನ್ನ ಬೈಕು ರಾತ್ರಿ ಹತ್ತಕ್ಕೆ ಪೇಟೆಯಲ್ಲಿ ಏನು ಮಾಡುತ್ತಿತ್ತು ಎಂದು ಅವನು ಕೇಳಿದಾಗ ಧಣಿಗೆ ಹೇಳಲು ಏನೂ ಇರುವುದಿಲ್ಲ. ದಂಡ ಕಟ್ಟಿಕೊಡಬಹುದು. ಗಿರಾಕಿ ಮತ್ತೆ ಬಾರ. ಕೀಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿ, ಬೀಗದ ಕೈ ನಿಮ್ಮಲ್ಲೇ ಇರಲಿ.

ಗಿರಾಕಿ ಹುಡುಗನ ಸ್ವಂತ ನಂಬರಿಗೆ ಕರೆ ಮಾಡುವುದನ್ನು ತಡೆಯಲಾಗದು. ಅದರಲ್ಲೂ ಗಡಿಯ ಊರುಗಳಲ್ಲಿ ಬ್ರೇಕ್‌ಡೌನ್ ಕರೆಗಳು ತಲಪಾಡಿಯ ಆಚೆಯಿಂದಲೋ, ಪೆರ್ಲ ದಾಟಿ ಅಡ್ಕಸ್ಥಳದ ಕಡೆಯಿಂದಲೋ, ಜಾಲ್ಸೂರು ರಸ್ತೆಯ ಕಾಡಿನ ನಡುವಿನಿಂದಲೋ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತವೆ, ಪರಿಚಯದ ಮೆಕ್ಯಾನಿಕ್ಕಿಗೇ ಬರುತ್ತವೆ. ಇಲ್ಲಿ ಒಂದು ಉಪಾಯ ಚೆನ್ನಾಗಿ ನಡೆಯುತ್ತದೆ. ಹೋಗಿಬರುವ ಶುಲ್ಕ ಪೂರ್ತಿ ಹುಡುಗನಿಗೆ, ರಿಪೇರಿಯ ಬಿಲ್ಲು ಗ್ಯಾರೇಜಿಗೆ. ಹೊರಡುವ ಮೊದಲು ಒಂದು ಮೆಸೇಜು ಮಾತ್ರ ಕಡ್ಡಾಯ: ವಾಹನದ ನಂಬರು, ಜಾಗ, ತೊಂದರೆ. ಗುಟ್ಟು ಮಾಡಿದರೆ ಅವನಿಗೆ ಉಳಿಯುವುದು ಅಷ್ಟಕ್ಕಷ್ಟೆ, ಹೇಳಿ ಹೋದರೆ ಗ್ಯಾರೇಜಿನ ಸಾಮಾನೂ ಸಿಗುತ್ತದೆ, ಕತ್ತಲಲ್ಲಿ ಎಲ್ಲಿದ್ದಾನೆಂದು ಒಬ್ಬರಿಗಾದರೂ ಗೊತ್ತಿರುತ್ತದೆ.

ಹೊರಗೆ ಮಾಡಿದ ಕೆಲಸ ಕೆಟ್ಟು ಗ್ಯಾರೇಜಿಗೆ ಬಂದರೆ? ‘ನಿಮ್ಮ ಹುಡುಗನೇ ಮಾಡಿದ್ದು, ಸರಿಮಾಡಿ ಕೊಡಿ’ ಎನ್ನುತ್ತಾರೆ. ಜಗಳ ಬೇಡ, ಉಚಿತವೂ ಬೇಡ. ಹೊಸ ಜಾಬ್ ಕಾರ್ಡ್ ಬರೆದು, ಕಂಡದ್ದನ್ನು ಕಂಡಂತೆ ದಾಖಲಿಸಿ, ಕೂಲಿ ಹೇಳಿ. ಹುಡುಗ ತನ್ನ ಕೈಯಿಂದ ಕೂಲಿ ಬಿಟ್ಟುಕೊಡುವುದಾದರೆ ಅದು ಅವನಿಗೆ ಬಿಟ್ಟದ್ದು. ಒಂದು ಸಲ ನೀವು ಸುಮ್ಮನೆ ಮಾಡಿಕೊಟ್ಟರೆ ಅವನ ಹೊರಗೆಲಸಕ್ಕೆಲ್ಲ ನೀವೇ ಜಾಮೀನು ನಿಂತಂತೆ.

ನಿದ್ದೆಯಿಲ್ಲದ ಕೈ

ರಾತ್ರಿ ರಿಕ್ಷಾ ಓಡಿಸಿ ಬಂದವನ ತಪ್ಪುಗಳು ಒಂದೇ ಜಾತಿಯವು: ಆಯಿಲ್ ಇಳಿಸುವ ಡ್ರೈನ್ ಪ್ಲಗ್ಗನ್ನು ಕೈಯಲ್ಲಿ ತಿರುಗಿಸಿ ಪಾನ ಹಾಕಿ ಬಿಗಿಯಲು ಮರೆತದ್ದು, ಹಳೆಯ ಫಿಲ್ಟರಿನ ರಬ್ಬರ್ ರಿಂಗು ಎಂಜಿನಿಗೇ ಅಂಟಿ ಉಳಿದದ್ದು ಕಾಣದೆ ಅದರ ಮೇಲೆ ಹೊಸದನ್ನು ಕೂರಿಸಿದ್ದು, ಚಕ್ರದ ನಾಲ್ಕು ನಟ್ಟಿನಲ್ಲಿ ಎರಡು ಬಿಗಿದು ಫೋನಿಗೆ ಎದ್ದುಹೋದದ್ದು. ಕೌಶಲ ಕಡಿಮೆಯಾದದ್ದಲ್ಲ, ಮಾಡುತ್ತಿದ್ದ ಕೆಲಸದ ಕೊನೆಯ ಹೆಜ್ಜೆ ತಲೆಯಿಂದ ಜಾರಿದ್ದು.

ಅದಕ್ಕೆ ಮದ್ದು ಎರಡು. ಹೊರಗೆಲಸ ಮುಗಿದು ಗ್ಯಾರೇಜಿಗೆ ಬರುವ ನಡುವೆ ಕನಿಷ್ಠ ಹತ್ತು ಗಂಟೆ ಅಂತರ ಇರಬೇಕೆಂದು ಕರಾರಿನಲ್ಲೇ ಸೇರಿಸಿ, ನಸುಕಿನ ಟ್ಯಾಪಿಂಗ್‌ನವರಿಗೆ ಇದು ಹೊಂದದು, ಅವರಿಂದ ರಾತ್ರಿ ಬೇಗ ಮಲಗುವ ಮಾತು ತೆಗೆದುಕೊಳ್ಳಿ. ಎರಡನೆಯದು, ಬ್ರೇಕು, ಚಕ್ರ, ಸ್ಟೀರಿಂಗು, ಡ್ರೈನ್ ಪ್ಲಗ್ಗು, ಈ ನಾಲ್ಕಕ್ಕೆ ಮಾಡಿದವನಲ್ಲದೆ ಇನ್ನೊಬ್ಬ ಕೈಹಾಕಿ ನೋಡಿ ಜಾಬ್ ಕಾರ್ಡಿನಲ್ಲಿ ಸಹಿ ಹಾಕಬೇಕು. ಬಿಗಿದ ಮೇಲೆ ನಟ್ಟಿನಿಂದ ಚಕ್ರದ ನಡುವಿನ ಹಬ್‌ಗೆ ಪೈಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಲಿ. ಗೆರೆ ಇಲ್ಲದ ನಟ್ಟು ಬಿಗಿಯದ ನಟ್ಟು. ಯಾರಾದರೂ ಕಣ್ಣು ಕೆಂಪಗೆ ಬಂದರೆ ಆ ದಿನ ಅವನಿಗೆ ವಾಶಿಂಗು, ಪಾಲಿಶು, ಸೀಟು ಹೊಲಿಗೆಯ ಕೆಲಸ ಕೊಡಿ, ಬೈಯಬೇಡಿ. ಬೈದರೆ ಮುಂದಿನ ಸಲ ಕಣ್ಣಿಗೆ ನೀರು ಹಾಕಿಕೊಂಡು ಬಂದು ಬ್ರೇಕಿಗೇ ಕೈಹಾಕುತ್ತಾನೆ.

ಸಿಕ್ಕಿಬಿದ್ದಾಗ

ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಉಳಿದ ಹುಡುಗರ ಎದುರಲ್ಲದೆ, ಪುಸ್ತಕ ಮುಂದಿಟ್ಟುಕೊಂಡು ಕರೆಯಿರಿ. ಮಾತು ಸಣ್ಣದಾಗಿರಲಿ.

‘ಕೂತ್ಕೋ ಮಾರಾಯ. ಮೊನ್ನೆ ಶನಿವಾರ ಎರಡು ಆಯಿಲ್ ಫಿಲ್ಟರು ನಮ್ಮ ಖಾತೆಯಲ್ಲಿ ಬಂದಿದೆ, ಕಾರ್ಡಿಲ್ಲ. ಯಾವ ಗಾಡಿಗೆ ಹಾಕಿದ್ದು?’

‘ಅದು ಅಣ್ಣ... ಮಾವನ ಗಾಡಿಗೆ. ಹೇಳುವ ಅಂತ ಇದ್ದೆ.’

‘ಸರಿ. ದುಡ್ಡು ಈ ತಿಂಗಳು ಕೊಡ್ತೀಯಾ, ಎರಡು ಸಲ ಮಾಡಿ ಕೊಡ್ತೀಯಾ? ಮುಂದಿನ ಸಲ ಕೇಳಿ ತೆಗೆದುಕೊಂಡರೆ ನನಗೆ ಬಿದ್ದ ಬೆಲೆಗೇ ಕೊಡ್ತೇನೆ.’

ಕೇಳಿದ್ದು ಸಾಮಾನಿನ ಬಗ್ಗೆ, ಅವನ ಗುಣದ ಬಗ್ಗೆ ಅಲ್ಲ. ಉತ್ತರಕ್ಕೆ ಜಾಗ ಬಿಟ್ಟಾಗಿದೆ, ಮುಂದಿನ ದಾರಿಯೂ ಹೇಳಿಯಾಗಿದೆ. ಕಾರ್ಡಿನ ಹಿಂದೆ ದಿನಾಂಕ ಹಾಕಿ ಎರಡು ಸಾಲು ಬರೆದು ಇಬ್ಬರೂ ಸಹಿ ಮಾಡಿ. ಮೊದಲ ಸಲಕ್ಕೆ ಇಷ್ಟು. ಎರಡನೆಯ ಸಲ ಬರಹದಲ್ಲಿ ಎಚ್ಚರಿಕೆ, ಸಂಜೆಯ ಪಾಲಿನ ಸೌಲಭ್ಯ ಎರಡು ತಿಂಗಳು ಬಂದ್. ಮೂರನೆಯ ಸಲಕ್ಕೆ ನೋಟೀಸು ಕೊಟ್ಟು ಬಿಡಿಸುವುದೇ ಸರಿ, ಅವನು ಎಷ್ಟು ದೊಡ್ಡ ಮೇಸ್ತ್ರಿಯಾದರೂ. ಮೇಸ್ತ್ರಿಗೊಂದು ನ್ಯಾಯ, ಹೆಲ್ಪರಿಗೊಂದು ನ್ಯಾಯ ಎಂದಾದರೆ ಕರಾರಿನ ಹಾಳೆಯನ್ನು ಹರಿದು ಎಸೆಯಬಹುದು. ಗಿರಾಕಿಯಿಂದ ಅಂಗಡಿಯ ಹೆಸರಿನಲ್ಲಿ ದುಡ್ಡು ಪಡೆದು ಜೇಬಿಗೆ ಹಾಕಿದ್ದರೆ ಮಾತ್ರ ಮೂರು ಸಲದ ಲೆಕ್ಕವಿಲ್ಲ, ಅದು ಹೊರಗೆಲಸವಲ್ಲ, ಕಳವು.

ಬಿಟ್ಟುಹೋಗಿ ಸ್ವಂತ ಗ್ಯಾರೇಜು ಇಟ್ಟರೆ

ಹೊರಗೆಲಸ ಚೆನ್ನಾಗಿ ಕೈಹಿಡಿದವನು ಒಂದು ದಿನ ಸೀತಾಂಗೋಳಿಯಲ್ಲೋ ಬೋವಿಕ್ಕಾನದಲ್ಲೋ ಒಂದು ಕೋಣೆ ಬಾಡಿಗೆಗೆ ಹಿಡಿಯುತ್ತಾನೆ. ‘ಬಿಟ್ಟ ಮೇಲೆ ಎರಡು ವರ್ಷ ಈ ತಾಲೂಕಿನಲ್ಲಿ ಗ್ಯಾರೇಜು ಇಡಬಾರದು’ ಎಂದು ಬರೆಸಿಕೊಂಡವರಿದ್ದಾರೆ. 1872ರ ಭಾರತೀಯ ಕರಾರು ಕಾಯಿದೆಯ 27ನೇ ಕಲಮಿನ ಪ್ರಕಾರ ವ್ಯಾಪಾರ ವೃತ್ತಿಗೆ ಅಡ್ಡಿಪಡಿಸುವ ಇಂಥ ಒಪ್ಪಂದ ಅಸಿಂಧು. ಕೆಲಸದಲ್ಲಿ ಇರುವಷ್ಟು ದಿನ ಮಾತ್ರ ನಿಮ್ಮ ನಿರ್ಬಂಧಕ್ಕೆ ಅರ್ಥ.

ಮಾಡಬಹುದಾದದ್ದು ಬೇರೆ ಇದೆ. ವೇತನ ಸಂಹಿತೆಯ ಪ್ರಕಾರ ಬಿಟ್ಟವನ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಕೊಡಬೇಕು, ಅದನ್ನು ತಡೆಹಿಡಿದು ಸೇಡು ತೀರಿಸಿಕೊಳ್ಳಲು ಹೋಗಬೇಡಿ. ಅದೇ ದಿನ ಟೂಲ್ಸ್ ಪುಸ್ತಕ ನೋಡಿ ಎಲ್ಲ ಬಂತೆಂದು ಬರೆದುಕೊಳ್ಳಿ, ಸ್ಕ್ಯಾನರಿನ ಪಾಸ್‌ವರ್ಡು ಬದಲಿಸಿ, ಕೀ ಪೆಟ್ಟಿಗೆಯ ಬೀಗ ಬದಲಿಸಿ, ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ಫೋನ್ ಮಾಡಿ ಇವನು ಇನ್ನು ನಮ್ಮಲ್ಲಿಲ್ಲ ಎನ್ನಿ. ಅವನ ಕೈಯಲ್ಲಿ ಅರ್ಧಕ್ಕೆ ನಿಂತ ವಾಹನಗಳ ಗಿರಾಕಿಗಳಿಗೆ ನೀವೇ ಮೊದಲು ಕರೆ ಮಾಡಿ, ಕೆಲಸ ಎಲ್ಲಿಗೆ ಬಂದಿದೆ, ಇನ್ನು ಯಾರು ಮುಗಿಸುತ್ತಾರೆ ಎಂದು ತಿಳಿಸಿ. ಆ ಕರೆ ಹೋಗದಿದ್ದರೆ ಸಂಜೆಯೊಳಗೆ ಅವನದು ಹೋಗಿರುತ್ತದೆ. ಲೇತ್ ಕೆಲಸ, ಡೀಸೆಲ್ ಪಂಪು, ಪೈಂಟಿಂಗು, ಇಂಥವು ನಿಮ್ಮಲ್ಲಿದ್ದು ಅವನಲ್ಲಿ ಇಲ್ಲದಿದ್ದರೆ ದರ ಮಾತಾಡಿಕೊಂಡು ಅವನ ಗಿರಾಕಿಗಳ ಆ ಕೆಲಸ ನಿಮಗೇ ಬರುವಂತೆ ಮಾಡಿಕೊಳ್ಳಿ. ಈ ದರವನ್ನೂ ಬಿಡುವ ದಿನವೇ ಒಂದು ಚೀಟಿಯಲ್ಲಿ ಬರೆದು ಕೊಡುವುದು ಒಳ್ಳೆಯದು, ಆರು ತಿಂಗಳು ಕಳೆದ ಮೇಲೆ ಇಬ್ಬರಿಗೂ ಬೇರೆ ಬೇರೆ ನೆನಪಿರುತ್ತದೆ.